ಸ್ಥಿರಾಸ್ತಿ ಜಾಲತಾಣಕ್ಕೆ ಹುಡುಕಾಟ ಸಾಧನದ ಆಯ್ಕೆ: ಪಶ್ಚಿಮ ಬೆಂಗಳೂರಿನ ವ್ಯವಹಾರಸ್ಥರು ಗಮನಿಸಬೇಕಾದ ಅಂಶಗಳು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಭಾಗಗಳಲ್ಲಿ ಮನೆ-ನಿವೇಶನಗಳ ಕ್ರಯವಿಕ್ರಯವು ಬಹುಕಾಲ ಬಾಯಿಮಾತಿನ ಪರಿಚಯವನ್ನೂ ಸ್ಥಳೀಯ ಮಧ್ಯವರ್ತಿಗಳ ಕೈಬರಹದ ಪುಸ್ತಕವನ್ನೂ ಅವಲಂಬಿಸಿ ನಡೆಯಿತು. 2005ರಲ್ಲಿ 99ಏಕರ್ಸ್, 2006ರಲ್ಲಿ ಮ್ಯಾಜಿಕ್‌ಬ್ರಿಕ್ಸ್, 2012ರಲ್ಲಿ ಹೌಸಿಂಗ್ ಡಾಟ್ ಕಾಮ್ ಆರಂಭವಾದ ಬಳಿಕ ಗಿರಾಕಿಯು ಮೊದಲು ಕಂಪ್ಯೂಟರಿನಲ್ಲಿ, ಅನಂತರ ಮೊಬೈಲಿನಲ್ಲಿ ಮನೆ ಹುಡುಕುವ ಪದ್ಧತಿ ಬೇರೂರಿತು. ಮಧ್ಯವರ್ತಿಯೇ ಬೇಡವೆಂಬುದನ್ನು ಹೆಸರಿನಲ್ಲಿಯೇ ಸಾರಿದ ಬೆಂಗಳೂರಿನ ನೋಬ್ರೋಕರ್ ಸಂಸ್ಥೆಯು 2021ರಲ್ಲಿ ನೂರು ಕೋಟಿ ಡಾಲರ್ ಮೌಲ್ಯವನ್ನು ಮುಟ್ಟಿತು.

ಈ ಪೈಪೋಟಿಯ ನಡುವೆ ಅನೇಕ ಸಣ್ಣ ಸಂಸ್ಥೆಗಳು ಸ್ವಂತ ಜಾಲತಾಣವನ್ನು ತೆರೆಯುತ್ತಿವೆ. ಅದರಲ್ಲಿ ಅಳವಡಿಸುವ ಹುಡುಕಾಟ ಸಾಧನದ ಆಯ್ಕೆಯನ್ನು ಮಾತ್ರ ಸಾಮಾನ್ಯವಾಗಿ ಜಾಲತಾಣ ನಿರ್ಮಿಸುವವರಿಗೇ ಬಿಟ್ಟುಬಿಡುವುದುಂಟು. ಇದು ಸರಿಯಾದ ಕ್ರಮವಲ್ಲ. ಆಸ್ತಿಗಳ ಸಂಖ್ಯೆಯಲ್ಲಿ ಸಣ್ಣ ಸಂಸ್ಥೆಯು ದೊಡ್ಡ ತಾಣಗಳನ್ನು ಸರಿಗಟ್ಟಲಾರದು. ಅದರ ಬಂಡವಾಳವೆಂದರೆ ಕೆಲವೇ ಬಡಾವಣೆಗಳ ಬೀದಿಬೀದಿಯ ತಿಳಿವಳಿಕೆ ಹಾಗೂ ದಾಖಲೆಗಳ ಪರಿಚಯ. ಈ ತಿಳಿವಳಿಕೆಯನ್ನು ಹೊತ್ತು ಗಿರಾಕಿಗೆ ಮುಟ್ಟಿಸುವ ಸಾಧನವೇ ಯೋಗ್ಯ ಸಾಧನ. ಆದ್ದರಿಂದ ಈ ಆಯ್ಕೆಯು ತಾಂತ್ರಿಕ ವಿಷಯವಾಗುವುದಕ್ಕಿಂತ ಮೊದಲು ವ್ಯಾಪಾರದ ವಿಷಯವಾಗಿದೆ.

ಲಭ್ಯವಿರುವ ಮೂರು ಮಾರ್ಗಗಳು

ಮೊದಲನೆಯದು, ಸಿದ್ಧ ತಂತ್ರಾಂಶವನ್ನು ಖರೀದಿಸಿ ಜಾಲತಾಣಕ್ಕೆ ಜೋಡಿಸುವುದು. ಎರಡನೆಯದು, ಮಾಸಿಕ ಅಥವಾ ವಾರ್ಷಿಕ ಚಂದಾ ತೆತ್ತು ಮತ್ತೊಂದು ಸಂಸ್ಥೆಯ ಸೇವೆಯನ್ನು ಬಳಸುವುದು. ಮೂರನೆಯದು, ಎಲಾಸ್ಟಿಕ್‌ಸರ್ಚ್, ಸೋಲರ್ ಮೊದಲಾದ ಶೋಧ ತಂತ್ರಾಂಶಗಳ ಆಧಾರದ ಮೇಲೆ ತನ್ನ ಅಗತ್ಯಕ್ಕೆ ತಕ್ಕಂತೆ ಹೊಸದಾಗಿ ರೂಪಿಸಿಕೊಳ್ಳುವುದು.

ಮೊದಲ ಎರಡು ಬಗೆಗಳಲ್ಲಿ ವಿದೇಶೀ ಸಾಧನಗಳ ಜಾಹೀರಾತು ಹೆಚ್ಚು. ಅಮೆರಿಕದಲ್ಲಿ ದಲ್ಲಾಳಿಗಳು ತಮ್ಮ ಬಳಿಯ ಆಸ್ತಿಗಳ ವಿವರವನ್ನು ಪರಸ್ಪರ ಹಂಚಿಕೊಳ್ಳುವ ಎಂಎಲ್‌ಎಸ್ ಎಂಬ ಸಾಮೂಹಿಕ ಪಟ್ಟಿಯ ಏರ್ಪಾಡಿದೆ. ಅಲ್ಲಿನ ಅನೇಕ ಸಾಧನಗಳ ಮುಖ್ಯ ಗುಣವೇ ಈ ಪಟ್ಟಿಯಿಂದ ತಾನಾಗಿ ವಿವರಗಳನ್ನು ಎಳೆದುಕೊಳ್ಳುವುದು. ಭಾರತದಲ್ಲಿ ಅಂತಹ ಸರ್ವಮಾನ್ಯ ಪಟ್ಟಿ ಬೇರೂರಿಲ್ಲ. ಇಲ್ಲಿ ಪ್ರತಿಯೊಂದು ಆಸ್ತಿಯನ್ನೂ ಕಚೇರಿಯ ಸಿಬ್ಬಂದಿಯೇ ನಮೂದಿಸಬೇಕು. ಆದುದರಿಂದ ಆ ಗುಣಕ್ಕಾಗಿ ಹೆಚ್ಚಿನ ಬೆಲೆ ಕೊಡುವುದು ವ್ಯರ್ಥ. ನಮೂದು ಸುಲಭವಾಗಿದೆಯೇ, ಮೊಬೈಲಿನಿಂದಲೇ ಮಾಡಬಹುದೇ ಎಂಬುದನ್ನು ನೋಡುವುದು ಹೆಚ್ಚು ಪ್ರಯೋಜನಕರ.

ಸ್ಥಳದ ಹೆಸರುಗಳ ಸಮಸ್ಯೆ

ಪಶ್ಚಿಮ ಬೆಂಗಳೂರಿನ ವಿಳಾಸಗಳು ಸಾಧನಕ್ಕೆ ಕಠಿಣ ಪರೀಕ್ಷೆಯನ್ನೇ ಒಡ್ಡುತ್ತವೆ. ರಾಜಾಜಿನಗರದಲ್ಲಿ ಬ್ಲಾಕುಗಳಿವೆ, ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ ಹಂತಗಳಿವೆ, ಬಸವೇಶ್ವರನಗರದಲ್ಲಿ ಹಂತವೂ ಉಂಟು, ಬ್ಲಾಕೂ ಉಂಟು. ಹಂಪಿನಗರವನ್ನು ಹಲವರು ಆರ್‌ಪಿಸಿ ಬಡಾವಣೆಯೆಂದೇ ಕರೆಯುತ್ತಾರೆ, ಇನ್ನು ಕೆಲವರು ಸುಮ್ಮನೆ ವಿಜಯನಗರವೆನ್ನುತ್ತಾರೆ. ಬಸವೇಶ್ವರನಗರವನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಾಗಿ ಬರೆಯುವ ರೂಢಿಯಿದೆ. ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಉತ್ತರಿಸುವ ಸಾಧನವು, ಆಸ್ತಿ ಇದ್ದರೂ ‘ಇಲ್ಲ’ ಎಂದು ಹೇಳಿ ಗಿರಾಕಿಯನ್ನು ಹಿಂದಕ್ಕೆ ಕಳುಹಿಸುತ್ತದೆ. ಒಂದೇ ಸ್ಥಳದ ಪರ್ಯಾಯ ಹೆಸರುಗಳ ಪಟ್ಟಿಯನ್ನು ಕಚೇರಿಯವರೇ ಸೇರಿಸುವ ಅವಕಾಶವೂ, ಸಣ್ಣಪುಟ್ಟ ಕಾಗುಣಿತ ವ್ಯತ್ಯಾಸಗಳನ್ನು ಸಹಿಸುವ ಗುಣವೂ ಇರಬೇಕು. 560010, 560040, 560079 ಮುಂತಾದ ಪಿನ್‌ಕೋಡುಗಳು ನೆರವಾಗುತ್ತವೆಯಾದರೂ ಒಂದೊಂದು ಪಿನ್‌ಕೋಡಿನ ವ್ಯಾಪ್ತಿ ದೊಡ್ಡದಾಗಿರುವುದರಿಂದ ಅವಷ್ಟೇ ಸಾಲವು.

ಕನ್ನಡದಲ್ಲಿ ಹುಡುಕುವ ಗಿರಾಕಿಗಳನ್ನೂ ಮರೆಯಲಾಗದು. ಹಳೆಯ ನುಡಿ ಅಥವಾ ಬರಹ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳನ್ನು ಯುನಿಕೋಡಿಗೆ ಪರಿವರ್ತಿಸದೆ ಸೇರಿಸಿದಲ್ಲಿ ಅವು ಪರದೆಯ ಮೇಲೆ ಓದಲು ಸಿಕ್ಕರೂ ಹುಡುಕಾಟಕ್ಕೆ ಸಿಗುವುದಿಲ್ಲ.

ಮೆಟ್ರೋ ನಿಲ್ದಾಣದ ಸಾಮೀಪ್ಯವು ಈಗ ಗಿರಾಕಿಗಳ ಮೊದಲ ಪ್ರಶ್ನೆಗಳಲ್ಲೊಂದು. ರಾಜಾಜಿನಗರಕ್ಕೆ 2014ರಲ್ಲಿ, ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ, ಚಲ್ಲಘಟ್ಟಕ್ಕೆ 2023ರಲ್ಲಿ ಮೆಟ್ರೋ ಬಂದಿತು. ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆಗೆ ಸಾಗುವ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ. ಸಾಧನವು ತೋರಿಸುವುದು ನೇರ ಗೆರೆಯ ದೂರವೋ ನಡೆದು ಹೋಗುವ ದಾರಿಯ ದೂರವೋ ಎಂಬುದನ್ನು ವಿಚಾರಿಸಬೇಕು. ನಡುವೆ ರೈಲು ಹಳಿಯೋ ಕಾರ್ಡ್ ರಸ್ತೆಯೋ ಅಡ್ಡ ಬಂದಲ್ಲಿ ಎರಡಕ್ಕೂ ಬಹಳ ಅಂತರವುಂಟು.

ಅಳತೆ ಮತ್ತು ವ್ಯವಹಾರದ ಸ್ವರೂಪ

ಬೆಂಗಳೂರಿನಲ್ಲಿ ನಿವೇಶನವನ್ನು 20×30, 30×40, 40×60 ಎಂದೂ, ಕಟ್ಟಡವನ್ನು ಚದರದ ಲೆಕ್ಕದಲ್ಲೂ, ಕೆಂಗೇರಿಯಾಚೆಯ ಭೂಮಿಯನ್ನು ಗುಂಟೆಯಲ್ಲೂ ಹೇಳುವುದು ವಾಡಿಕೆ. ಕಟ್ಟಡದ ಒಂದು ಚದರವೆಂದರೆ 100 ಚದರ ಅಡಿ. ಒಂದು ಗುಂಟೆಯೆಂದರೆ 1,089 ಚದರ ಅಡಿ. ಸಾಧನವು ಇವುಗಳನ್ನು ಪರಸ್ಪರ ಪರಿವರ್ತಿಸುವಂತಿರಬೇಕು. ನಿವೇಶನದ ವಿಸ್ತೀರ್ಣ, ಕಟ್ಟಡದ ಒಟ್ಟು ವಿಸ್ತೀರ್ಣ ಹಾಗೂ ಕಾರ್ಪೆಟ್ ವಿಸ್ತೀರ್ಣಗಳಿಗೆ ಪ್ರತ್ಯೇಕ ಅಂಕಣಗಳಿರತಕ್ಕದ್ದು. ಮೂರನ್ನೂ ಒಂದೇ ಅಂಕಣದಲ್ಲಿ ತುಂಬಿದರೆ ಚದರ ಅಡಿಯ ದರದ ಹೋಲಿಕೆಯೇ ಅರ್ಥಹೀನವಾಗುತ್ತದೆ.

ಮಾರಾಟ ಮತ್ತು ಬಾಡಿಗೆ ಎಂಬ ಎರಡೇ ವಿಭಾಗಗಳನ್ನು ಅರಿತ ಸಾಧನಗಳಿಗೆ ನಮ್ಮ ಭೋಗ್ಯದ ಪದ್ಧತಿ ತಿಳಿಯದು. ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಅವಧಿಯ ಕೊನೆಗೆ ಹಣ ಹಿಂಪಡೆಯುವ ಈ ಏರ್ಪಾಡು ಇಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಾಗೆಯೇ ದಿಕ್ಕು, ಕಾವೇರಿ ನೀರಿನ ಸಂಪರ್ಕ, ಕೊಳವೆಬಾವಿ, ಕಾರು ನಿಲುಗಡೆ ಇವು ಗಿರಾಕಿಗಳು ದಿನನಿತ್ಯ ಕೇಳುವ ವಿಷಯಗಳು. ಹೊಸ ಅಂಕಣಗಳನ್ನು ಸ್ವತಃ ಸೇರಿಸಿಕೊಳ್ಳಲಾಗದ ಸಾಧನವು ನೋಡಲು ಎಷ್ಟೇ ಸುಂದರವಾಗಿದ್ದರೂ ಉಪಯೋಗಕ್ಕೆ ಬಾರದು.

ದಾಖಲೆಗಳು ಮತ್ತು ಕಾನೂನಿನ ಹೊಣೆ

ಆಯ್ಕೆಯ ಅತ್ಯಂತ ಮಹತ್ವದ ಭಾಗ ಇದೇ. ಗಿರಾಕಿಯು ಜೀವಮಾನದ ಉಳಿತಾಯವನ್ನು ಒಂದು ನಿವೇಶನದ ಮೇಲೆ ಹೂಡುತ್ತಾನೆ. ಬೆಲೆ ಮತ್ತು ಚಿತ್ರವನ್ನು ತೋರಿಸಿ ಖಾತೆಯ ಸ್ವರೂಪವನ್ನು ಮರೆಮಾಡುವ ಸಾಧನವು, ಎ-ಖಾತೆಯ ನಿವೇಶನವನ್ನೂ ಬಿ-ಖಾತೆಯ ನಿವೇಶನವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎರಡನೆಯದು ಅಗ್ಗವೆಂಬ ತಪ್ಪು ಭಾವನೆಯನ್ನು ಮೂಡಿಸುತ್ತದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಖಾತೆಯ ಬಗೆ, ಇ-ಖಾತೆ ಇದೆಯೇ, ಋಣಭಾರ ಪ್ರಮಾಣಪತ್ರವನ್ನು ಯಾವ ದಿನಾಂಕದವರೆಗೆ ಪರಿಶೀಲಿಸಲಾಗಿದೆ ಎಂಬ ಅಂಕಣಗಳು ಇರಬೇಕು. ಅವುಗಳ ಆಧಾರದ ಮೇಲೆ ಹುಡುಕಲೂ ಅವಕಾಶವಿರಬೇಕು.

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, ಅಂದರೆ ರೇರಾ, ಶುಲ್ಕ ಪಡೆದು ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ಪರಿಚಯಿಸುವವರನ್ನು ಸ್ಥಿರಾಸ್ತಿ ಏಜೆಂಟ್ ಎಂಬ ವ್ಯಾಖ್ಯೆಯೊಳಗೆ ತಂದಿದೆ. ‘ಯಾವುದೇ ಮಾಧ್ಯಮ’ ಎಂಬ ಮಾತಿಗೆ ಜಾಲತಾಣವೂ ಒಳಪಡುತ್ತದೆ. ನೋಂದಣಿಯಾಗಬೇಕಾಗಿದ್ದು ಆಗದಿರುವ ಯೋಜನೆಯ ಮಾರಾಟಕ್ಕೆ ಏಜೆಂಟರು ನೆರವಾಗುವಂತಿಲ್ಲ. ದಾರಿ ತಪ್ಪಿಸುವ ವಿವರಣೆಯನ್ನು ನೀಡುವಂತಿಲ್ಲ. ಉಲ್ಲಂಘನೆ ಮುಂದುವರಿಯುವ ಪ್ರತಿ ದಿನಕ್ಕೆ 10,000 ರೂ.ನಂತೆ, ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡಕ್ಕೆ ಅವಕಾಶವಿದೆ. ಹೀಗಾಗಿ ಹೊಸ ಯೋಜನೆಯ ನಮೂದಿನಲ್ಲಿ ರೇರಾ ಸಂಖ್ಯೆಯ ಅಂಕಣ ಖಾಲಿಯಿದ್ದರೆ ಪ್ರಕಟಣೆಯನ್ನೇ ತಡೆಯುವ ಸಾಧನವು ಸಂಸ್ಥೆಗೆ ರಕ್ಷಣೆಯಾಗುತ್ತದೆ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಭೂಮಿಯ ವಿಸ್ತೀರ್ಣ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ ಎಂಟನ್ನು ಮೀರದಿದ್ದರೆ ರೇರಾ ನೋಂದಣಿ ಬೇಕಿಲ್ಲ. 40×60 ನಿವೇಶನವೆಂದರೆ ಸುಮಾರು 223 ಚದರ ಮೀಟರ್ ಮಾತ್ರ. ಹಳೆಯ ಮನೆಯನ್ನು ಕೆಡವಿ ಇಂತಹ ನಿವೇಶನದಲ್ಲಿ ಕಟ್ಟುವ ಸಣ್ಣ ವಸತಿ ಸಮುಚ್ಚಯಗಳು ಈ ಮಿತಿಯ ಕೆಳಗೇ ಉಳಿಯುತ್ತವೆ. ಅಲ್ಲಿ ಗಿರಾಕಿಗೆ ರೇರಾ ತಾಣದಲ್ಲಿ ನೋಡಲು ಏನೂ ದೊರೆಯದು. ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ ಮತ್ತು ಕ್ರಯಪತ್ರಗಳ ಸರಣಿಯನ್ನು ಪರಿಶೀಲಿಸಿ ದಾಖಲಿಸುವ ಸಂಸ್ಥೆಯೇ ಅವನಿಗೆ ಆಸರೆ. ರೇರಾ ಸಂಖ್ಯೆಯ ಅಂಕಣವೊಂದನ್ನೇ ನೆಚ್ಚಿದ ಸಾಧನ ಇಲ್ಲಿ ಸಾಲದು.

ಬದಲಾವಣೆಗೆ ಹೊಂದಿಕೊಳ್ಳುವ ಗುಣ

ರಾಜ್ಯದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿತು. ಅದಾದ ಎರಡೇ ದಿನಗಳಲ್ಲಿ, ಸೆಪ್ಟೆಂಬರ್ 2ರಂದು, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ದರ ಮತ್ತು ಸ್ಥಳೀಯ ಸಂಸ್ಥೆಯ ಹೆಸರು ತಂತ್ರಾಂಶದೊಳಗೆ ಬಿಗಿಯಾಗಿ ಹುದುಗಿದ್ದರೆ, ತಿದ್ದುಪಡಿಗಾಗಿ ನಿರ್ಮಾಪಕರ ಮನೆಬಾಗಿಲು ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಗಿರಾಕಿಗೆ ತಪ್ಪು ಮಾಹಿತಿಯೇ ದೊರೆಯುತ್ತಿರುತ್ತದೆ.

ಇದರ ಪರಿಣಾಮ ಕಿರಿದಲ್ಲ. ನಗರದಲ್ಲಿ 45 ಲಕ್ಷ ರೂ. ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ, ಉಪಕರ ಮತ್ತು ಅಧಿಭಾರ ಸೇರಿ ಶೇ. 5.6, ನೋಂದಣಿ ಶುಲ್ಕ ಶೇ. 2, ಒಟ್ಟು ಶೇ. 7.6 ಆಗುತ್ತದೆ. 80 ಲಕ್ಷ ರೂ. ಮನೆಗೆ ಇದು 6,08,000 ರೂ. ‘80 ಲಕ್ಷದೊಳಗೆ’ ಎಂದು ಹುಡುಕುವ ಗಿರಾಕಿಯ ಕೈಯಲ್ಲಿರುವುದು ಒಟ್ಟು 80 ಲಕ್ಷವೇ ಆಗಿದ್ದರೆ, ಅವನಿಗೆ ಎಟುಕುವ ಮನೆಯ ಬೆಲೆ ಸುಮಾರು 74.35 ಲಕ್ಷ ರೂ. ಒಟ್ಟು ವೆಚ್ಚದ ಆಧಾರದಲ್ಲಿ ಹುಡುಕುವ ಸೌಲಭ್ಯವು ಅಂತಹವರಿಗೆ ನಿಜವಾದ ಉಪಕಾರ.

ನಕ್ಷೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಗೂಗಲ್ ಸಂಸ್ಥೆಯು 2018ರಲ್ಲಿ ತನ್ನ ನಕ್ಷೆ ಸೇವೆಯ ದರಪದ್ಧತಿಯನ್ನು ಬದಲಿಸಿತು. 2024ರ ಆಗಸ್ಟ್‌ನಿಂದ ಭಾರತದಲ್ಲಿ ಶೇ. 70ರವರೆಗೆ ದರ ಇಳಿಸಿತು. ಏರಿಕೆಯಾಗಲಿ ಇಳಿಕೆಯಾಗಲಿ ಬಳಕೆದಾರರ ಕೈಯಲ್ಲಿಲ್ಲ. ಅಗತ್ಯ ಬಿದ್ದಲ್ಲಿ ಮ್ಯಾಪ್‌ಮೈಇಂಡಿಯಾ ಅಥವಾ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ನಕ್ಷೆಗೆ ಬದಲಾಯಿಸಲು ಸಾಧ್ಯವಿರುವ ಸಾಧನ ಉತ್ತಮ.

ವೆಚ್ಚದ ನೈಜ ಲೆಕ್ಕ

ಮೊದಲ ಬೆಲೆಯನ್ನಷ್ಟೇ ನೋಡದೆ ಮೂರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕು. ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಚಂದಾ ತಿಂಗಳಿಗೆ 4,000 ರೂ. ಆದರೆ 36 ತಿಂಗಳಿಗೆ 1,44,000 ರೂ. ಸಿದ್ಧ ತಂತ್ರಾಂಶದ ಬೆಲೆ 40,000, ಸ್ಥಳೀಯ ಅಗತ್ಯಕ್ಕೆ ಮಾರ್ಪಾಡು 50,000, ಎರಡು ವರ್ಷಗಳ ನವೀಕರಣ 24,000 ಸೇರಿ 1,14,000 ರೂ. ಹೊಸದಾಗಿ ರೂಪಿಸಲು 3,00,000, ಎರಡು ವರ್ಷಗಳ ನಿರ್ವಹಣೆಗೆ 60,000 ಸೇರಿ 3,60,000 ರೂ. ಆದರೆ ಈ ಮೂರರಲ್ಲಿ ಯಾವುದನ್ನು ಆರಿಸಿದರೂ ನಮೂದುಗಳನ್ನು ಸರಿಯಾಗಿಡಲು ತಿಂಗಳಿಗೆ 8,000 ರೂ.ನಂತೆ ಅರೆಕಾಲಿಕ ಸಹಾಯಕರೊಬ್ಬರನ್ನು ನೇಮಿಸಿದರೆ ಮೂರು ವರ್ಷಕ್ಕೆ 2,88,000 ರೂ. ಆಗುತ್ತದೆ. ಮೊದಲ ಎರಡು ಬಗೆಗಳಲ್ಲಿ ಸಾಧನದ ಬೆಲೆಗಿಂತ ಇದೇ ಹೆಚ್ಚು. ಸಾಧನಕ್ಕೆ ಹಣವಿಟ್ಟು ಸಹಾಯಕರಿಗೆ ಹಣವಿಡದ ಸಂಸ್ಥೆಯ ಜಾಲತಾಣದಲ್ಲಿ ಮಾರಿಹೋದ ಮನೆಗಳು ತಿಂಗಳುಗಟ್ಟಲೆ ಉಳಿದು ವಿಶ್ವಾಸವನ್ನು ಕೆಡಿಸುತ್ತವೆ. ನಿಗದಿತ ದಿನಗಳೊಳಗೆ ಮರುದೃಢೀಕರಿಸದ ನಮೂದನ್ನು ತಾನಾಗಿ ಮರೆಮಾಡುವ ವ್ಯವಸ್ಥೆಯನ್ನು ಕೇಳಿ ಪಡೆಯಬೇಕು.

ತಂತ್ರಾಂಶ ಸೇವೆಗೆ ಶೇ. 18 ಜಿಎಸ್‌ಟಿ ಇದೆ. ನೋಂದಾಯಿತ ಸಂಸ್ಥೆಯು ತಾನು ತೆರಿಗೆ ವಿಧಿಸುವ ದಲ್ಲಾಳಿ ಸೇವೆಗಾಗಿ ಇದನ್ನು ಬಳಸಿದಲ್ಲಿ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ನೋಂದಣಿಯಿಲ್ಲದವರಿಗೆ ಅದು ಪೂರ್ಣ ವೆಚ್ಚವೇ. ವಿದೇಶೀ ಸಂಸ್ಥೆಯಿಂದ ಸೇವೆ ಪಡೆದರೆ ನೋಂದಾಯಿತರು ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾವೇ ತೆರಿಗೆ ಪಾವತಿಸಬೇಕು. ಚಂದಾ ಮೊತ್ತವು ಆಯಾ ವರ್ಷದ ಖರ್ಚು. ಸ್ವಂತಕ್ಕೆ ರೂಪಿಸಿಕೊಂಡ ಸಾಧನದ ವೆಚ್ಚವನ್ನು ಲೆಕ್ಕಪತ್ರ ಮಾನದಂಡ 26ರ ಷರತ್ತುಗಳು ಪೂರೈಸಿದಾಗ ಮಾತ್ರ ಆಸ್ತಿಯಾಗಿ ತೋರಿಸಲು ಬರುತ್ತದೆ.

ಮಾಹಿತಿಯ ಒಡೆತನ

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಆಸ್ತಿಗಳ ವಿವರ, ಚಿತ್ರಗಳು ಹಾಗೂ ವಿಚಾರಿಸಿದ ಗಿರಾಕಿಗಳ ದೂರವಾಣಿ ಸಂಖ್ಯೆಗಳು ಯಾರ ಸ್ವತ್ತು ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು ಅವಶ್ಯ. ಸೇವೆ ನಿಲ್ಲಿಸಿದ ದಿನ ಎಲ್ಲವನ್ನೂ ಎಕ್ಸೆಲ್ ಮುಂತಾದ ಸಾಮಾನ್ಯ ರೂಪದಲ್ಲಿ ಹಿಂದಿರುಗಿಸುವ ಷರತ್ತಿಲ್ಲದಿದ್ದರೆ, ಹಲವು ವರ್ಷಗಳ ದುಡಿಮೆ ಬೇರೆಯವರ ಬೀಗದೊಳಗೆ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಗಿರಾಕಿಯ ಸಮ್ಮತಿಯನ್ನು ದಾಖಲಿಸುವ ಮತ್ತು ಕೋರಿದಾಗ ಅವನ ವಿವರಗಳನ್ನು ಅಳಿಸುವ ಅನುಕೂಲವನ್ನು ಈಗಲೇ ನೋಡಿಕೊಳ್ಳುವುದು ಜಾಣತನ.

ಖರೀದಿಗೆ ಮುನ್ನ ಒಂದು ಪರೀಕ್ಷೆ

ಮಾರಾಟಗಾರರ ಮಾದರಿ ಪ್ರದರ್ಶನದಿಂದ ತೀರ್ಮಾನಕ್ಕೆ ಬರಬಾರದು. ಕಚೇರಿಯ ಪುಸ್ತಕದಿಂದ 50 ನೈಜ ಆಸ್ತಿಗಳನ್ನು ಸಾಧನದಲ್ಲಿ ತುಂಬಿಸಿ, ಕಳೆದ ತಿಂಗಳು ಗಿರಾಕಿಗಳು ಕೇಳಿದ ಹತ್ತು ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಹುಡುಕಿ ನೋಡಬೇಕು. ‘ಹಾವನೂರು ವೃತ್ತದ ಹತ್ತಿರ, ಪೂರ್ವ ದಿಕ್ಕಿನ 30×40, ಎ-ಖಾತೆ’ ಎಂಬಂತಹ ಪ್ರಶ್ನೆಗೆ, ಸಾಧಾರಣ ಮೊಬೈಲಿನಲ್ಲಿ, ಕಚೇರಿಯ ಹಿರಿಯ ಸಿಬ್ಬಂದಿ ಪುಸ್ತಕ ತೆರೆದು ಹೇಳುವ ಉತ್ತರವೇ ಬರುತ್ತದೆಯೇ ಎಂಬುದು ಒರೆಗಲ್ಲು. ಹತ್ತರಲ್ಲಿ ಎಂಟಕ್ಕಾದರೂ ಸರಿಯುತ್ತರ ನೀಡದ ಸಾಧನವನ್ನು, ಬೆಲೆ ಎಷ್ಟೇ ಕಡಿಮೆಯಿದ್ದರೂ, ಬಿಡುವುದೇ ಲೇಸು. ಬಡಾವಣೆಯ ಪರಿಚಯ, ದಾಖಲೆಗಳ ಶುದ್ಧಿ ಮತ್ತು ಕೊಟ್ಟ ಮಾತಿನ ನಂಬಿಕೆಗಳಿಂದಲೇ ಈ ಭಾಗದ ಸಣ್ಣ ಸಂಸ್ಥೆಗಳು ಇಷ್ಟು ಕಾಲ ಬಾಳಿವೆ. ಅವುಗಳಿಗೆ ಧಕ್ಕೆ ತರದೆ ಹೆಚ್ಚು ಜನರಿಗೆ ತಲುಪಿಸುವ ಸಾಧನಕ್ಕೆ ತೆತ್ತ ಹಣ ಮಾತ್ರ ಸಾರ್ಥಕ.