ಗದ್ದೆಗೆ ಬರುವ ಉತ್ತರದ ಅತಿಥಿ

ಮೂಡಿಗೆರೆ, ಕಳಸದ ಕಡೆಯ ಭತ್ತದ ಗದ್ದೆ, ಹಳ್ಳ, ತೋಟದ ಕೆರೆಗಳ ಅಂಚಿನಲ್ಲಿ ಚಳಿಗಾಲ ಕಳೆಯುವ ಗದ್ದೆಗೊರವ ಹಕ್ಕಿಗಳಲ್ಲಿ ಗ್ರೀನ್ ಸ್ಯಾಂಡ್‌ಪೈಪರ್ ಒಂದು. ಮಳೆಗಾಲ ಮುಗಿಯುವ ಮೊದಲೇ ಬರತೊಡಗುವ ಇದು ಹೆಚ್ಚಾಗಿ ಒಂಟಿ. ಮೈನಾದಷ್ಟೇ ಉದ್ದ; ಬೆನ್ನು ಕಡುಗಂದು, ಹೊಟ್ಟೆ ಅಚ್ಚ ಬಿಳಿ. ಕೂತಾಗ ಬಾಲ ಕುಣಿಸುತ್ತದೆ. ಆದರೆ ಬಾಲ ಕುಣಿಸುವ ಕಾಮನ್ ಸ್ಯಾಂಡ್‌ಪೈಪರ್ ಕೂಡ ಇದೇ ಹಳ್ಳಗಳಲ್ಲಿರುವುದರಿಂದ ಅಷ್ಟೇ ಸಾಲದು. ಚೀರುತ್ತ ಮೇಲೆದ್ದಾಗ ಬಾಲದ ಬುಡದ ಬಿಳಿಯೂ ರೆಕ್ಕೆಯಡಿಯ ಕಪ್ಪೂ ಕಂಡರೆ ಗುರುತು ಖಚಿತ. ಇದನ್ನೇ ಹೋಲುವ ವುಡ್ ಸ್ಯಾಂಡ್‌ಪೈಪರ್‌ನ ರೆಕ್ಕೆಯಡಿ ಮಾಸಲು.

ಗ್ರೀನ್ ಸ್ಯಾಂಡ್‌ಪೈಪರ್‌ನ ಸಂತಾನೋತ್ಪತ್ತಿಯ ಕಥೆ ಇನ್ನೂ ಸೊಗಸು. ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾವರೆಗೆ, ಆರ್ಕ್ಟಿಕ್ ಅಂಚಿನತ್ತ ಹಬ್ಬಿದ ಜೌಗು ಕಾಡುಗಳಲ್ಲಿ, ನೆಲದ ಬದಲು ಮರದ ಮೇಲಿನ ಹಳೆಯ ಥ್ರಷ್ ಗೂಡುಗಳಲ್ಲಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಮರಿಗಳು ಅಲ್ಲಿಂದಲೇ ಕೆಳಗೆ ಧುಮುಕುತ್ತವೆ. ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದಾಗ ಗದ್ದೆಗಳ ಹುಳು, ಕೀಟಗಳೇ ಇದರ ಮುಖ್ಯ ಆಹಾರ. ಆದ್ದರಿಂದ ನೀರಿನಂಚಿಗೆ ಕೀಟನಾಶಕ ಹರಿಯದಂತೆ ಬೆಳೆಗಾರರು ನೋಡಿಕೊಳ್ಳಬೇಕು.