ತಗಡಿನ ಚಾವಣಿಯೂ ಮನೆಯ ಸೆಕೆಯೂ

ಬಂಗಾರಪೇಟೆಯಿಂದ ರೈಲಿನಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ಪೂರ್ವವಿದ್ಯಾರ್ಥಿನಿಯರಿಗೆ ಮಾರ್ಗಶಿರದ ಮುಂಜಾವುಗಳ ನೆನಪಿರಬಹುದು. ಗಾಡಿಯ ಮರದ ಪೀಠವು ಅಷ್ಟಾಗಿ ತಣ್ಣಗೆ ತೋರುತ್ತಿರಲಿಲ್ಲ. ಕಿಟಕಿಯ ಕಬ್ಬಿಣದ ಸರಳನ್ನು ಹಿಡಿದರೆ ಮಾತ್ರ ಕೈ ಜುಮ್ಮೆನ್ನುತ್ತಿತ್ತು. ರಾತ್ರಿಯೆಲ್ಲ ಒಂದೇ ಗಾಡಿಯಲ್ಲಿದ್ದ ಅವೆರಡರ ಉಷ್ಣತೆಯೂ ಒಂದೇ. ಕಬ್ಬಿಣವು ಕೈಯ ಶಾಖವನ್ನು ಬೇಗನೆ ಸೆಳೆದುಕೊಳ್ಳುವುದು, ಮರವು ನಿಧಾನವಾಗಿ; ಭೇದವಿಷ್ಟೇ. ಪದಾರ್ಥಗಳ ಈ ಗುಣಕ್ಕೆ ಉಷ್ಣವಾಹಕತೆಯೆಂದು ಹೆಸರು.

ನಿಶ್ಚಲವಾದ ಗಾಳಿಯ ವಾಹಕತೆಯನ್ನು ೧ ಎಂದಿಟ್ಟುಕೊಂಡರೆ, ಒಣಮರದ್ದು ಸುಮಾರು ೬, ಸುಟ್ಟ ಇಟ್ಟಿಗೆಯದು ೨೫ರಿಂದ ೩೦, ಗ್ರಾನೈಟ್ ಕಲ್ಲಿನದು ೧೦೦ರಷ್ಟು, ಉಕ್ಕಿನದು ಸುಮಾರು ೨,೦೦೦. ಹುಲ್ಲಿನ ಸೂರೂ ಹತ್ತಿಯ ಹಾಸಿಗೆಯೂ ಶಾಖವನ್ನು ತಡೆಯುವುದು ತಮ್ಮೊಳಗೆ ಗಾಳಿಯನ್ನು ಅಲುಗದಂತೆ ಹಿಡಿದಿಟ್ಟುಕೊಂಡಿರುವುದರಿಂದಲೇ.

ಈ ವಿಷಯವು ನಮ್ಮ ಊರಿಗೆ ಬರಿಯ ಪಾಠವಲ್ಲ. ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಉಷ್ಣತೆಯು ೬೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ್ದರಿಂದ, ತಂಪುಗೊಳಿಸಿದ ಗಾಳಿಯನ್ನು ಒಳಕ್ಕೆ ಕಳುಹಿಸಬೇಕಾಗಿತ್ತು. ಆ ಸೆಕೆಯಿಂದ ಮೇಲೆ ಬಂದ ತಂದೆಯರಲ್ಲಿ ಅನೇಕರು ಮಲಗುತ್ತಿದ್ದುದು ತಗಡಿನ ಚಾವಣಿಯ ಕೆಳಗೆ. ೨೦೦೧ರಲ್ಲಿ ಗಣಿಗಳು ಮುಚ್ಚಿದವು. ತಗಡಿನ ಮನೆಗಳು ಉಳಿದವು. ಅವುಗಳಲ್ಲಿ ಇಂದಿಗೂ ನಮ್ಮ ಮಕ್ಕಳು ಓದುತ್ತಿದ್ದಾರೆ.

ಒಮ್ಮೆ ಪರೀಕ್ಷೆಯ ಕಾಲದಲ್ಲಿ ನಿತ್ಯವೂ ತಲೆನೋವೆನ್ನುತ್ತಿದ್ದ ಹುಡುಗಿಯೊಬ್ಬಳ ಮನೆಗೆ ನಾವು ಹೋಗಿದ್ದೆವು. ಮಧ್ಯಾಹ್ನದ ತಗಡು ನೆತ್ತಿಯ ಮೇಲೆ ಹೆಂಚಿನಂತೆ ಕಾದಿತ್ತು. “ಇನ್ನೊಂದು ತಗಡನ್ನು ಮೇಲೆ ಹೊದಿಸಿದರೆ ಆದೀತೇ?” ಎಂದು ತಾಯಿ ಕೇಳಿದರು. ಎರಡು ತಗಡುಗಳು ಒಂದಕ್ಕೊಂದು ತಾಗಿದ್ದರೆ ಪ್ರಯೋಜನವಿಲ್ಲ. ಕಬ್ಬಿಣವು ದಪ್ಪವಾದ ಮಾತ್ರಕ್ಕೆ ಶಾಖವನ್ನು ತಡೆಯಲಾರದು. ಆ ಹಣಕ್ಕೆ ಬಿದಿರಿನ ತಟ್ಟಿ ತಂದು, ತಗಡಿಗೆ ಒಂದು ಗೇಣು ಕೆಳಗೆ ಕಟ್ಟಿರೆಂದು ನಾವು ಹೇಳಿದೆವು. ಕಾದ ತಗಡು ಕೆಳಕ್ಕೆ ಸೂಸುವ ಶಾಖಕ್ಕೆ ತಟ್ಟಿಯು ಮರೆಯಾಗುವುದು. ನಡುವಣ ಗಾಳಿಯೂ ಶಾಖವನ್ನು ಸುಲಭವಾಗಿ ಇಳಿಯಗೊಡದು. ತಗಡಿನ ಮೇಲ್ಮೈಗೆ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗುವುದು. ಒಲೆಯ ಮೇಲ್ಗಡೆ ಮಾತ್ರ ತಟ್ಟಿಯನ್ನು ಕಟ್ಟತಕ್ಕದ್ದಲ್ಲ, ಬೆಂಕಿಯ ಭಯವುಂಟು. ಮುಂದಿನ ವಾರ ಆ ಹುಡುಗಿ ಮಧ್ಯಾಹ್ನವೂ ಮನೆಯಲ್ಲೇ ಕುಳಿತು ಓದಿದಳು.

ಹೊಸದಾಗಿ ಕಾಂಕ್ರೀಟಿನ ಮನೆ ಕಟ್ಟುವವರಿಗೂ ಒಂದು ಮಾತು. ಕಾಂಕ್ರೀಟು ಹಗಲಿನ ಶಾಖವನ್ನು ಕೂಡಿಟ್ಟುಕೊಂಡು ರಾತ್ರಿ ನಮ್ಮ ಮೇಲೆ ಸುರಿಯುವುದು. ಆದುದರಿಂದ ಅದರ ಮೇಲೂ ಬಿಳುಪು ಬಳಿಯತಕ್ಕದ್ದು, ಸಂಜೆ ಕಿಟಕಿಗಳನ್ನು ತೆರೆದಿಡತಕ್ಕದ್ದು.

ಮನೆ ಕಟ್ಟುವಾಗ ನಾವು ಕಲ್ಲು, ಇಟ್ಟಿಗೆ, ತಗಡುಗಳ ಬೆಲೆಯನ್ನು ವಿಚಾರಿಸುತ್ತೇವೆ. ಬೆಲೆಯಿಲ್ಲದೆ ದೊರೆಯುವ ಗಾಳಿಗೂ ಚಾವಣಿಯಲ್ಲಿ ಒಂದು ಗೇಣು ಸ್ಥಳವನ್ನು ಬಿಡೋಣ.