ಉಪ್ಪುನೀರಿನ ಮೇಲೆ ತೇಲುವ ಸಿಹಿನೀರು

ಸೈದಾಪುರ: ಕೊಳವೆಬಾವಿ ಬತ್ತಿದರೆ ಇನ್ನಷ್ಟು ಆಳಕ್ಕೆ ಕೊರೆಸಬೇಕೆಂಬುದು ಯಾದಗಿರಿ, ರಾಯಚೂರು ಸೀಮೆಯ ರೂಢಿಯ ಲೆಕ್ಕಾಚಾರ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ನೀರು ಅಡಗಿರುವ ಈ ನೆಲದಲ್ಲಿ ಅದು ಒಮ್ಮೊಮ್ಮೆ ಫಲಿಸುವುದೂ ಉಂಟು. ಅರಬ್ಬಿ ಸಮುದ್ರದ ಲಕ್ಷದ್ವೀಪದಲ್ಲಿ ಇದೇ ಲೆಕ್ಕ ಹಾಕಿದವರಿಗೆ ಸಿಗುವುದು ಉಪ್ಪುನೀರು.

ಕೃಷ್ಣೆಯ ನಡುವಿನ ನೀಲಕಂಠರಾಯನಗಡ್ಡಿ, ಕುರುವಗಡ್ಡೆಗಳೂ ದ್ವೀಪಗಳೇ. ಆದರೆ ಅವುಗಳನ್ನು ಸುತ್ತುವರಿದಿರುವುದು ಸಿಹಿನೀರು. ಅಲ್ಲಿನ ಭಯ ಪ್ರವಾಹದ್ದು. ಲಕ್ಷದ್ವೀಪದಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರೇ ಬಾವಿಗಳಿಗೆ ಆಧಾರ. ಇದು ಕನ್ನಡ ನಾಡಿಗೆ ತೀರ ದೂರದ ಕಥೆಯೇನಲ್ಲ. ಅಮಿನಿ, ಕಿಲ್ತಾನ್, ಚೆತ್ಲಾತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು.

ಇಂಗಿದ ಮಳೆನೀರು ಸಮುದ್ರದ ನೀರಿನೊಡನೆ ಒಮ್ಮೆಲೇ ಬೆರೆತುಹೋಗದಿರಲು ಕಾರಣ ತೂಕ. ಒಂದು ಲೀಟರ್ ಸಿಹಿನೀರು 1000 ಗ್ರಾಂ ತೂಗಿದರೆ ಸಮುದ್ರದ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಹೀಗಾಗಿ ಹಗುರವಾದ ಸಿಹಿನೀರು ಮರಳಿನ ಸಂದುಗಳಲ್ಲೇ ಉಪ್ಪುನೀರಿನ ಮೇಲೆ ತೇಲುತ್ತದೆ. ದ್ವೀಪದ ನಡುವೆ ದಪ್ಪಗೆ, ಅಂಚಿನಲ್ಲಿ ತೆಳ್ಳಗೆ, ಮಸೂರದ ಆಕಾರದಲ್ಲಿ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರಿದೆಯೆಂದು ಲೆಕ್ಕ. ಡಚ್ ಎಂಜಿನಿಯರ್ ಘೈಬೆನ್ 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ ಬೇರೆಬೇರೆಯಾಗಿ ಕಂಡುಕೊಂಡ ಸೂತ್ರವಿದು. ವಾಸ್ತವದಲ್ಲಿ ಎರಡು ನೀರಿನ ನಡುವೆ ಖಚಿತವಾದ ಗೆರೆಯಿರುವುದಿಲ್ಲ. ಭರತ-ಇಳಿತಗಳಿಗೆ ನೀರು ಕಲಕಿ, ನಡುವೆ ಸವಳು ನೀರಿನ ಪದರವೊಂದು ಏರ್ಪಡುತ್ತದೆ. ದ್ವೀಪದ ಬಾವಿಗಳ ಮಟ್ಟವೂ ಸಮುದ್ರದೊಡನೆ ಏರಿಳಿಯುತ್ತದೆ.

ಸೂತ್ರದ ಇನ್ನೊಂದು ಮುಖವೇ ಅಪಾಯದ್ದು. ಬಾವಿಯ ಮಟ್ಟ ಒಂದು ಅಡಿ ಕುಸಿದು ಬಹುಕಾಲ ಹಾಗೆಯೇ ಉಳಿದರೆ, ಕೆಳಗಿನ ಉಪ್ಪುನೀರು 40 ಅಡಿಯವರೆಗೂ ಮೇಲೇರಬಲ್ಲದು. ಕೊಡದಿಂದ ಸೇದುತ್ತಿದ್ದಾಗ ಇಲ್ಲದ ಈ ತೊಂದರೆ ಪಂಪುಗಳ ಜೊತೆ ಬಂದಿತು. ಒಂದೇ ಕಡೆ ಜೋರಾಗಿ ಎತ್ತುವುದಕ್ಕಿಂತ ಹಲವು ಆಳವಿಲ್ಲದ ಬಾವಿಗಳಿಂದ ಸ್ವಲ್ಪಸ್ವಲ್ಪವೇ ಎತ್ತುವುದು ಕ್ಷೇಮ. ಒಮ್ಮೆ ಉಪ್ಪಾದ ಬಾವಿಗೆ ಪಂಪು ನಿಲ್ಲಿಸಿದೊಡನೆ ಸಿಹಿ ಮರಳುವುದಿಲ್ಲ, ಮಳೆಗಾಲಗಳೇ ಉರುಳಬೇಕಾಗಬಹುದು. ಮರಳು ಬೇಗ ಸೋಸುವುದರಿಂದ ಮನೆಗಳ ಶೌಚಗುಂಡಿಯ ಕೊಳೆಯೂ ಅದೇ ನೀರಿಗೆ ಇಳಿಯುತ್ತದೆ.

ಕವರತ್ತಿಯಲ್ಲಿ 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ, ಸಮುದ್ರದ ನೀರನ್ನು ಸಿಹಿಯಾಗಿಸುವ ಸ್ಥಾವರ ಆರಂಭವಾಯಿತು. 2011ರಲ್ಲಿ ಮಿನಿಕಾಯ್, ಅಗತ್ತಿಗಳಿಗೂ ಅಂಥವು ಬಂದವು.